ಮೂರನೆಯ ನೆಲದಲ್ಲಿ ಸಿಗುವ ಸ್ನೇಹ

ಉತ್ತರ ಲಂಡನ್ನಿನ ಹ್ಯಾರಿಂಗೆ ಪ್ರದೇಶದಲ್ಲಿ ಗ್ರೀನ್ ಲೇನ್ಸ್ ಎಂಬ ಉದ್ದನೆಯ ರಸ್ತೆಯೊಂದಿದೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಈ ರಸ್ತೆ ಮತ್ತು ಅದರ ಆಸುಪಾಸಿನ ಬಡಾವಣೆಗಳು ಸೈಪ್ರಸ್ ದ್ವೀಪದಿಂದ ಬಂದ ವಲಸಿಗರ ಮುಖ್ಯ ನೆಲೆಯಾಗಿದ್ದವು. ಗ್ರೀಕ್ ಮಾತನಾಡುವ ಕ್ರೈಸ್ತರೂ ತುರ್ಕಿ ಮಾತನಾಡುವ ಮುಸ್ಲಿಮರೂ ಅಲ್ಲಿ ಒಂದೇ ಬೀದಿಯಲ್ಲಿ ಅಂಗಡಿ ತೆರೆದರು. ಒಂದೇ ಹೊಲಿಗೆ ಕಾರ್ಖಾನೆಯಲ್ಲಿ ಪಕ್ಕಪಕ್ಕದ ಯಂತ್ರಗಳ ಮುಂದೆ ಕುಳಿತು ದುಡಿದರು. ಅದೇ ವರ್ಷಗಳಲ್ಲಿ ಅವರು ಬಿಟ್ಟುಬಂದ ದ್ವೀಪದಲ್ಲಿ ಈ ಎರಡು ಸಮುದಾಯಗಳು ಪರಸ್ಪರ ಬಂದೂಕು ಹಿಡಿದು ನಿಂತಿದ್ದವು. 1974ರ ನಂತರವಂತೂ ಇಬ್ಬರ ನಡುವೆ ಮುಳ್ಳುತಂತಿ, ಮರಳಿನ ಚೀಲ ಮತ್ತು ವಿಶ್ವಸಂಸ್ಥೆಯ ಕಾವಲು. ಸುಮಾರು ಮೂರು ದಶಕಗಳ ಕಾಲ ಸಾಮಾನ್ಯ ಜನರಿಗೆ ಆಚೆ ಬದಿಯವರ ಮುಖ ನೋಡುವುದೂ ದುರ್ಲಭವಾಗಿತ್ತು. ನಿಕೋಸಿಯಾ ನಗರದಲ್ಲಿ ಕೂಗಳತೆಯ ದೂರದಲ್ಲಿದ್ದ ಹಳೆಯ ನೆರೆಹೊರೆಯವರು ಭೇಟಿಯಾಗಬೇಕಿದ್ದರೆ ಮೂರು ಸಾವಿರ ಕಿಲೊಮೀಟರ್‌ಗೂ ಹೆಚ್ಚು ದೂರದ ಲಂಡನ್ನಿಗೆ ಹೋಗುವುದೇ ಸುಲಭದ ದಾರಿಯಾಗಿತ್ತು.

ಇಂತಹ ಸ್ನೇಹಗಳ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಜನಸಾಮಾನ್ಯರು ಒಳ್ಳೆಯವರು, ಅವರನ್ನು ಒಡೆದು ಆಳುವವರು ರಾಜಕಾರಣಿಗಳು. ಆದುದರಿಂದಲೇ ಹೊರನಾಡಿನಲ್ಲಿ ಅವರು ಒಂದಾಗುತ್ತಾರೆ ಎಂಬುದು ಮೊದಲನೆಯದು. ಊರು ಬಿಟ್ಟವರಿಗೆ ಊರಿನಲ್ಲಿ ಉಳಿದವರ ನೋವು ತಟ್ಟುವುದಿಲ್ಲ, ಅವರ ಸ್ನೇಹ ಅಗ್ಗದ್ದು ಎಂಬುದು ಎರಡನೆಯದು. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಎರಡೂ ನಮ್ಮನ್ನು ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಸ್ನೇಹಕ್ಕೂ ಒಂದು ಬೆಲೆಯಿದೆ. ಸಂಘರ್ಷವು ಆ ಬೆಲೆಯನ್ನು ಏರಿಸುತ್ತದೆ; ವಲಸೆಯು ಕೆಲವು ಸಂದರ್ಭಗಳಲ್ಲಿ ಅದನ್ನು ಇಳಿಸುತ್ತದೆ. ಯಾವ ಸಂದರ್ಭಗಳಲ್ಲಿ, ಏಕೆ ಎಂಬುದನ್ನು ತಿಳಿದುಕೊಂಡರೆ ಆ ಬೆಲೆಯನ್ನು ಸ್ವದೇಶದಲ್ಲಿಯೂ ಇಳಿಸುವ ದಾರಿ ಕಂಡೀತು. ಸೈಪ್ರಸ್ಸಿನ ಉದಾಹರಣೆ ಈ ಕಾರಣಕ್ಕಾಗಿ ನಮಗೆ ಮುಖ್ಯ.

ಕನ್ನಡಿಗರಿಗೆ ಈ ದ್ವೀಪ ತೀರ ಅಪರಿಚಿತವೇನಲ್ಲ. ಕೊಡಗಿನ ಹೆಮ್ಮೆಯ ಪುತ್ರ, ಭೂಸೇನೆಯ ಮಾಜಿ ಮುಖ್ಯಸ್ಥ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರು ಕೊನೆಯುಸಿರೆಳೆದದ್ದು ಸೈಪ್ರಸ್ಸಿನಲ್ಲಿ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಅಲ್ಲಿಗೆ ತೆರಳಿದ ಅವರು 1965ರ ಡಿಸೆಂಬರ್‌ನಲ್ಲಿ ಕರ್ತವ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಅವರ ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಮಣ್ಣು ಮಾಡಲಾಯಿತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಅವರಿಗಿಂತ ಮೊದಲು ಲೆಫ್ಟಿನೆಂಟ್ ಜನರಲ್ ಗ್ಯಾನಿ, ನಂತರದ ವರ್ಷಗಳಲ್ಲಿ ಪ್ರೇಮ್‌ಚಂದ್ ಹೀಗೆ ಭಾರತದ ಮೂವರು ಸೇನಾನಿಗಳು ಆ ಪಡೆಯನ್ನು ಮುನ್ನಡೆಸಿದ್ದಾರೆ. 1947ರ ದೇಶವಿಭಜನೆಯ ದಿನಗಳಲ್ಲಿ ಪಂಜಾಬಿನಲ್ಲಿ ನಿರಾಶ್ರಿತರ ರಕ್ಷಣೆಯ ಹೊಣೆ ಹೊತ್ತಿದ್ದ ತಿಮ್ಮಯ್ಯನವರಿಗೆ ನೆರೆಹೊರೆಯವರು ಶತ್ರುಗಳಾಗುವ ಬಗೆ ಹೊಸದಾಗಿರಲಿಲ್ಲ.

ಸೈಪ್ರಸ್ಸಿನ ಕಲಹದ ಮೂಲವನ್ನು ಸಂಕ್ಷೇಪವಾಗಿ ನೋಡಬಹುದು. ಮುನ್ನೂರು ವರ್ಷ ಆಟೊಮನ್ ತುರ್ಕರ ಆಳ್ವಿಕೆಯಲ್ಲಿದ್ದ ದ್ವೀಪ 1878ರಲ್ಲಿ ಬ್ರಿಟಿಷರ ಆಡಳಿತಕ್ಕೆ ಬಂದು, 1925ರಲ್ಲಿ ವಸಾಹತುವಾಯಿತು. ಗ್ರೀಕ್ ಸೈಪ್ರಿಯಟ್ಟರಲ್ಲಿ ಗ್ರೀಸ್ ದೇಶದೊಡನೆ ವಿಲೀನವಾಗುವ ಬಯಕೆ ಬಲವಾಗಿತ್ತು. ಇದಕ್ಕಾಗಿ 1955ರಲ್ಲಿ ಇಯೋಕಾ ಎಂಬ ಸಂಘಟನೆ ಸಶಸ್ತ್ರ ಹೋರಾಟ ಆರಂಭಿಸಿತು. ವಿಲೀನವಾದರೆ ತಾವು ಅತಂತ್ರರಾಗುತ್ತೇವೆಂದು ಅಂಜಿದ ತುರ್ಕಿ ಸೈಪ್ರಿಯಟ್ಟರು ದ್ವೀಪದ ವಿಭಜನೆಯನ್ನು ಕೇಳಿದರು. ಅವರಲ್ಲಿ ಟಿಎಂಟಿ ಎಂಬ ಸಶಸ್ತ್ರ ಸಂಘಟನೆ ಹುಟ್ಟಿತು. 1960ರಲ್ಲಿ ವಿಲೀನವೂ ಇಲ್ಲದ, ವಿಭಜನೆಯೂ ಇಲ್ಲದ ಸ್ವಾತಂತ್ರ್ಯ ಬಂತು. ಬ್ರಿಟನ್, ಗ್ರೀಸ್ ಮತ್ತು ಟರ್ಕಿ ಅದಕ್ಕೆ ಜಾಮೀನು ನಿಂತವು.

ಆ ಸಂವಿಧಾನದ ಒಂದು ಅಂಶವನ್ನು ಆಡಳಿತದ ಅನುಭವವಿರುವ ಯಾರೂ ಗಮನಿಸದೆ ಇರಲಾರರು. ಜನಸಂಖ್ಯೆಯಲ್ಲಿ ಗ್ರೀಕರು ಶೇ 77ಕ್ಕೂ ಹೆಚ್ಚು, ತುರ್ಕರು ಸುಮಾರು ಶೇ 18. ಸರ್ಕಾರಿ ನೌಕರಿ ಮತ್ತು ಸಂಸತ್ತಿನ ಸ್ಥಾನಗಳು 70:30ರ ಪ್ರಮಾಣದಲ್ಲಿ ಹಂಚಿಕೆಯಾದವು, ಸೇನೆಯಲ್ಲಿ 60:40. ರಾಷ್ಟ್ರಾಧ್ಯಕ್ಷರು ಗ್ರೀಕರು, ಉಪಾಧ್ಯಕ್ಷರು ತುರ್ಕರು. ಮತದಾರರ ಪಟ್ಟಿ ಬೇರೆ ಬೇರೆ. ದೊಡ್ಡ ಪಟ್ಟಣಗಳಿಗೆ ಬೇರೆ ಬೇರೆ ಪೌರಸಭೆಗಳು. ಅಲ್ಪಸಂಖ್ಯಾತರಿಗೆ ರಕ್ಷಣೆ ಬೇಕಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ವ್ಯವಸ್ಥೆಯಲ್ಲಿ ಒಬ್ಬ ಗುಮಾಸ್ತನ ನೇಮಕವೂ ಕೋಮಿನ ಲಾಭನಷ್ಟದ ಲೆಕ್ಕವಾಯಿತು. ಕೇವಲ 'ಸೈಪ್ರಿಯಟ್' ಆಗಿ ಬದುಕುವ ಮನುಷ್ಯನಿಗೆ ಅದರಲ್ಲಿ ಸ್ಥಳವೇ ಇರಲಿಲ್ಲ. 1963ರ ಡಿಸೆಂಬರ್‌ನಲ್ಲಿ ವ್ಯವಸ್ಥೆ ಕುಸಿದು ರಕ್ತಪಾತವಾಯಿತು. ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಿಕೋಸಿಯಾದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಲ್ಲಿ ಗೆರೆಯೊಂದನ್ನು ಎಳೆದು ಎರಡೂ ಕಡೆಯವರನ್ನು ದೂರ ಇರಿಸಿದರು. ತಾತ್ಕಾಲಿಕವೆಂದು ಎಳೆದ ಆ 'ಹಸಿರು ಗೆರೆ' ಇಂದಿಗೂ ಇದೆ.

ಮುಂದಿನ ದಶಕದಲ್ಲಿ ಸಾವಿರಾರು ತುರ್ಕಿ ಸೈಪ್ರಿಯಟ್ಟರು ತಮ್ಮ ಹಳ್ಳಿಗಳನ್ನು ತೊರೆದು ಇಕ್ಕಟ್ಟಾದ ಪ್ರತ್ಯೇಕ ಕೇರಿಗಳಲ್ಲಿ ಬದುಕಿದರು. 1974ರ ಜುಲೈ 15ರಂದು ಗ್ರೀಸ್‌ನ ಸೇನಾಡಳಿತದ ಕುಮ್ಮಕ್ಕಿನಿಂದ ಸೈಪ್ರಸ್ಸಿನಲ್ಲಿ ಕ್ಷಿಪ್ರಕ್ರಾಂತಿ ನಡೆಯಿತು. ಐದು ದಿನಗಳ ನಂತರ ಟರ್ಕಿಯ ಸೇನೆ ದ್ವೀಪಕ್ಕಿಳಿದು, ಆಗಸ್ಟ್ ವೇಳೆಗೆ ಅದರ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನ ನೆಲವನ್ನು ವಶಪಡಿಸಿಕೊಂಡಿತು. ಸುಮಾರು 1.6 ಲಕ್ಷ ಗ್ರೀಕರು ದಕ್ಷಿಣಕ್ಕೆ ಓಡಿದರು. 40 ಸಾವಿರಕ್ಕೂ ಹೆಚ್ಚು ತುರ್ಕರು ಉತ್ತರಕ್ಕೆ ಹೋದರು. ದ್ವೀಪದ ಸುಮಾರು ಮೂರನೆಯ ಒಂದರಷ್ಟು ಜನ ಮನೆ ಕಳೆದುಕೊಂಡರು. ಒಬ್ಬರ ಗಾಯ 1963ರದು, ಇನ್ನೊಬ್ಬರ ಗಾಯ 1974ರದು. ಇತಿಹಾಸವನ್ನು ಯಾವ ವರ್ಷದಿಂದ ಹೇಳಲು ತೊಡಗುತ್ತೇವೆ ಎಂಬುದರ ಮೇಲೆ ಯಾರು ಅಪರಾಧಿ ಎಂಬುದು ನಿರ್ಧಾರವಾಗುತ್ತದೆ. ದೀರ್ಘಕಾಲದ ಸಂಘರ್ಷಗಳೆಲ್ಲದರ ಲಕ್ಷಣವೇ ಇದು.

ಈಗ ಲಂಡನ್ನಿನ ಕಡೆಗೆ ನೋಡೋಣ. ಸೈಪ್ರಿಯಟ್ಟರ ವಲಸೆ ಎರಡನೆಯ ಮಹಾಯುದ್ಧಕ್ಕೂ ಮೊದಲೇ ಆರಂಭವಾಗಿತ್ತಾದರೂ ಅದು ಪ್ರವಾಹವಾದದ್ದು 1950ರ ದಶಕದಲ್ಲಿ. 1962ರ ಕಾಮನ್‌ವೆಲ್ತ್ ವಲಸಿಗರ ಕಾಯಿದೆ ಬಾಗಿಲು ಮುಚ್ಚುವ ಮುನ್ನ ಒಳಗೆ ಸೇರಬೇಕೆಂಬ ಧಾವಂತದಲ್ಲಿ 1960 ಮತ್ತು 1961ರಲ್ಲಿ ಅದು ತುತ್ತತುದಿ ಮುಟ್ಟಿತು. 1974ರ ನಂತರ ನಿರಾಶ್ರಿತರೂ ಸೇರಿಕೊಂಡರು. 2001ರ ಜನಗಣತಿಯ ವೇಳೆಗೆ ಸೈಪ್ರಸ್ಸಿನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದವರ ಸಂಖ್ಯೆ ಮುಕ್ಕಾಲು ಲಕ್ಷವನ್ನು ಮೀರಿತ್ತು. ಅಲ್ಲಿಯೇ ಹುಟ್ಟಿದ ಮಕ್ಕಳು, ಮೊಮ್ಮಕ್ಕಳು ಈ ಲೆಕ್ಕಕ್ಕೆ ಸೇರಿಲ್ಲ.

ಈ ವಲಸಿಗರಲ್ಲಿ ಬಹುಪಾಲು ಹಳ್ಳಿಗಾಡಿನವರು; ಇಂಗ್ಲಿಷ್ ಬಾರದವರು. ಹೋಟೆಲು ಮತ್ತು ಸಿದ್ಧ ಉಡುಪು ಅವರ ಮುಖ್ಯ ಕಸುಬುಗಳಾದವು. ಗ್ರೀಕ್ ಸೈಪ್ರಿಯಟ್ಟರ ಹೊಲಿಗೆ ಕಾರ್ಖಾನೆಗಳಲ್ಲಿ ತುರ್ಕಿ ಸೈಪ್ರಿಯಟ್ ಹೆಂಗಸರು ಕೆಲಸ ಮಾಡಿದರು. ಮನೆಗೆ ಬಟ್ಟೆ ಕೊಂಡೊಯ್ದು ತುಂಡಿಗಿಷ್ಟು ಎಂಬ ಕೂಲಿಗೆ ಹೊಲಿದುಕೊಟ್ಟವರೂ ಇದ್ದರು. ಮಿಶ್ರ ಹಳ್ಳಿಗಳಿಂದ ಬಂದ ಹಿರಿಯ ತುರ್ಕಿ ಸೈಪ್ರಿಯಟ್ಟರಲ್ಲಿ ಅನೇಕರಿಗೆ ಗ್ರೀಕ್ ಭಾಷೆ ಸರಾಗವಾಗಿ ಬರುತ್ತಿತ್ತು. ಇಂಗ್ಲಿಷ್ ಸಮುದ್ರದಲ್ಲಿ ಈಜಲಾರದ ಇಬ್ಬರು ಪರಸ್ಪರ ಮಾತನಾಡಬಹುದಾದ ಭಾಷೆ ಊರಿನದೇ ಆಗಿತ್ತು. ಸಂಬಳ, ಬಾಡಿಗೆ ಮನೆ, ಮಕ್ಕಳ ಶಾಲೆ, ವೈದ್ಯರ ಚೀಟಿ ಇವೆಲ್ಲದರಲ್ಲೂ ಒಬ್ಬರಿಗೊಬ್ಬರು ಬೇಕಾದರು. ಮೆಡಿಟರೇನಿಯನ್ ಬಿಸಿಲಿನಿಂದ ಬಂದವರಿಗೆ ಲಂಡನ್ನಿನ ಚಳಿ, ಮಂಜು ಮತ್ತು ಬಿಳಿಯರ ತಾತ್ಸಾರ ಇಬ್ಬರಿಗೂ ಸಮನಾಗಿಯೇ ಸಿಕ್ಕವು.

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹದ ಸ್ವರೂಪವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ, ದ್ವೇಷಿಸುವ ಎರಡು ಗುಂಪುಗಳನ್ನು ಸುಮ್ಮನೆ ಒಟ್ಟಿಗೆ ಇರಿಸಿದ ಮಾತ್ರಕ್ಕೆ ದ್ವೇಷ ಕರಗುವುದಿಲ್ಲವೆಂದು ತೋರಿಸಿದ್ದಾನೆ. ಅದಕ್ಕೆ ನಾಲ್ಕು ಅನುಕೂಲಗಳು ಬೇಕು: ಇಬ್ಬರಿಗೂ ಸಮಾನ ಸ್ಥಾನಮಾನ, ಸಮಾನ ಗುರಿ, ಆ ಗುರಿಗಾಗಿ ಸಹಕಾರ, ಮತ್ತು ಕಾನೂನಿನ ಅಥವಾ ಅಧಿಕಾರದ ಬೆಂಬಲ. ಐನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸಂಪರ್ಕವು ಪೂರ್ವಗ್ರಹವನ್ನು ಸಾಮಾನ್ಯವಾಗಿ ತಗ್ಗಿಸುತ್ತದೆ, ಈ ಅನುಕೂಲಗಳಿದ್ದಾಗ ಇನ್ನೂ ಹೆಚ್ಚು ತಗ್ಗಿಸುತ್ತದೆ ಎಂಬ ನಿರ್ಣಯಕ್ಕೆ ಬಂದಿತು. ಗ್ರೀನ್ ಲೇನ್ಸ್‌ನ ಹೊಲಿಗೆ ಕಾರ್ಖಾನೆಯಲ್ಲಿ ಈ ನಾಲ್ಕೂ ಬಹುಮಟ್ಟಿಗೆ ಇದ್ದವು. ಮುಖ್ಯವಾಗಿ, ಅಲ್ಲಿನ ಪೊಲೀಸ್ ಠಾಣೆ ಗ್ರೀಕರದೂ ಅಲ್ಲ, ತುರ್ಕರದೂ ಅಲ್ಲ. ನಿಕೋಸಿಯಾದಲ್ಲಿ ಯಾರು ಆಳಬೇಕೆಂಬ ಪ್ರಶ್ನೆಗೆ ಲಂಡನ್ನಿನಲ್ಲಿ ಅರ್ಥವಿರಲಿಲ್ಲ. ಅಧಿಕಾರದ ಹಂಚಿಕೆ ಎಂಬ ವಿಷದ ಹಲ್ಲನ್ನು ಕಿತ್ತ ಮೇಲೆ ಉಳಿದದ್ದು ಎರಡು ನೆರೆಹೊರೆಯ ಕುಟುಂಬಗಳು.

ಸ್ನೇಹದ ಬೆಲೆ ಊರಿನಲ್ಲಿ ಎಷ್ಟಿತ್ತು ಎಂಬುದಕ್ಕೆ ಒಂದು ನಿದರ್ಶನ ಸಾಕು. ಸೈಪ್ರಸ್ಸಿನ ಕಾರ್ಮಿಕ ಚಳವಳಿಯಲ್ಲಿ ಎರಡೂ ಸಮುದಾಯದವರು ಜೊತೆಗೂಡಿದ ಪರಂಪರೆಯಿತ್ತು. 1948ರಲ್ಲಿ ಗಣಿ ಕಾರ್ಮಿಕರು ಒಗ್ಗಟ್ಟಾಗಿ ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದರು. ಆ ಪರಂಪರೆಗೆ ಸೇರಿದ ದರ್ವಿಶ್ ಅಲಿ ಕವಾಜೊಗ್ಲು ಎಂಬ ತುರ್ಕಿ ಸೈಪ್ರಿಯಟ್ ನಾಯಕ ಮತ್ತು ಕೋಸ್ತಾಸ್ ಮಿಸಿಯಾವುಲಿಸ್ ಎಂಬ ಗ್ರೀಕ್ ಸೈಪ್ರಿಯಟ್ ಕಾರ್ಮಿಕ ಧುರೀಣ ಇಬ್ಬರೂ 1965ರ ಏಪ್ರಿಲ್ 11ರಂದು ಒಂದೇ ಕಾರಿನಲ್ಲಿ ಲಾರ್ನಾಕಾ ಕಡೆಗೆ ಹೊರಟಿದ್ದಾಗ ಹೊಂಚುಹಾಕಿ ಕುಳಿತ ಬಂದೂಕುಧಾರಿಗಳ ಗುಂಡಿಗೆ ಬಲಿಯಾದರು. ಇದು ಟಿಎಂಟಿಯ ಕೃತ್ಯವೆಂಬುದು ವ್ಯಾಪಕವಾಗಿ ಒಪ್ಪಿತವಾದ ಅಭಿಪ್ರಾಯ. ತಿಮ್ಮಯ್ಯನವರು ಆಗ ಅಲ್ಲಿಯೇ ಶಾಂತಿಪಡೆಯ ಮುಖ್ಯಸ್ಥರಾಗಿದ್ದರು. ಈ ಇಬ್ಬರು ಗೆಳೆಯರ ಬಳಿ ಸೈನ್ಯವಿರಲಿಲ್ಲ. ಇಬ್ಬರೂ ಜೊತೆಯಾಗಿ ಬಾಳಬಹುದೆಂಬುದಕ್ಕೆ ಅವರೇ ಸಾಕ್ಷಿಯಾಗಿದ್ದರು; ಬೇರೆ ಬೇರೆಯಾಗಿ ಬಾಳಲೇಬೇಕೆಂದು ವಾದಿಸುವವರಿಗೆ ಆ ಸಾಕ್ಷ್ಯವನ್ನು ಸಹಿಸುವುದು ಸಾಧ್ಯವಾಗಲಿಲ್ಲ.

ಉಗ್ರವಾದವು, ಅದು ಯಾವ ಬಣ್ಣದ್ದೇ ಇರಲಿ, ಮೊದಲು ದಂಡಿಸುವುದು ತನ್ನವರೊಳಗಿನ ಸ್ನೇಹಿತರನ್ನು. ಶತ್ರುವಿಗಿಂತ ಶತ್ರುವಿನ ಗೆಳೆಯ ಅದಕ್ಕೆ ಹೆಚ್ಚು ಅಪಾಯಕಾರಿ. 'ದ್ರೋಹಿ' ಎಂಬ ಒಂದು ಶಬ್ದದಿಂದ ಅದು ಸ್ನೇಹದ ಬೆಲೆಯನ್ನು ಪ್ರಾಣದ ಮಟ್ಟಕ್ಕೆ ಏರಿಸಬಲ್ಲದು. ಅಂತಹ ಕಡೆ ಮನುಷ್ಯರು ಸ್ನೇಹ ಬಿಟ್ಟರೆ ಅದನ್ನು ಅವರ ಸ್ವಭಾವದ ದೋಷವೆಂದು ಹೇಳುವುದು ನ್ಯಾಯವಲ್ಲ. ಲಂಡನ್ನಿನಲ್ಲಿ ಅದೇ ಸ್ನೇಹಕ್ಕೆ ತಗಲುತ್ತಿದ್ದುದು ಹೆಚ್ಚೆಂದರೆ ನೆಂಟರ ಗೊಣಗಾಟ.

ಆದರೆ ದೂರವೇ ಔಷಧವೆಂದು ಭಾವಿಸುವುದು ತಪ್ಪಾದೀತು. ಬೆನೆಡಿಕ್ಟ್ ಆಂಡರ್ಸನ್ ಎಂಬ ವಿದ್ವಾಂಸ 1992ರಲ್ಲಿ 'ದೂರನಿಯಂತ್ರಿತ ರಾಷ್ಟ್ರೀಯತೆ' ಎನ್ನಬಹುದಾದ ವಿದ್ಯಮಾನದತ್ತ ಗಮನ ಸೆಳೆದಿದ್ದ. ಹೊರನಾಡಿನಲ್ಲಿ ಸುರಕ್ಷಿತನಾಗಿ ಕುಳಿತವನು ತಾಯ್ನಾಡಿನ ಕಲಹಕ್ಕೆ ಹಣವನ್ನೂ ಆವೇಶವನ್ನೂ ರವಾನಿಸುತ್ತಾನೆ. ಅದರ ಪರಿಣಾಮವನ್ನು ಮಾತ್ರ ಊರಿನವರು ಅನುಭವಿಸುತ್ತಾರೆ. ಸ್ನೇಹದಂತೆಯೇ ದ್ವೇಷವೂ ಹೊರನಾಡಿನಲ್ಲಿ ಅಗ್ಗ. ಲಂಡನ್ನಿನ ಸೈಪ್ರಿಯಟ್ಟರಲ್ಲಿಯೂ ಬೇರೆ ಬೇರೆ ಕಾಫಿ ಅಂಗಡಿಗಳಿದ್ದವು, ಬೇರೆ ಬೇರೆ ಪತ್ರಿಕೆಗಳಿದ್ದವು, ತಂತಮ್ಮ ಹುತಾತ್ಮರ ದಿನಾಚರಣೆಗಳಿದ್ದವು. ಯಾವ ಕಡೆಯ ಸ್ವಭಾವ ಮೇಲುಗೈ ಪಡೆಯುತ್ತದೆ ಎಂಬುದು ದಿನನಿತ್ಯ ಯಾರೊಡನೆ ಕೆಲಸ ಮಾಡುತ್ತೇವೆ ಎಂಬುದನ್ನು ಬಹಳಮಟ್ಟಿಗೆ ಅವಲಂಬಿಸುತ್ತದೆ.

ಇದಕ್ಕೆ ನಮಗೆ ಹತ್ತಿರದ ಎಚ್ಚರಿಕೆಯೊಂದು ಇಂಗ್ಲೆಂಡಿನ ಲೆಸ್ಟರ್ ನಗರದಿಂದ ಬಂದಿದೆ. 1972ರಲ್ಲಿ ಉಗಾಂಡದ ಇದಿ ಅಮೀನ್ ಹೊರಹಾಕಿದ ಭಾರತೀಯ ಮೂಲದವರಲ್ಲಿ ಅನೇಕರು ನೆಲೆಗೊಂಡ ಆ ಊರು, ಹಿಂದೂ ಮುಸ್ಲಿಮರ ಸಹಬಾಳ್ವೆಗೆ ದಶಕಗಳ ಕಾಲ ಮಾದರಿಯೆನಿಸಿತ್ತು. 2022ರ ಆಗಸ್ಟ್ 28ರಂದು ದುಬೈನಲ್ಲಿ ನಡೆದ ಭಾರತ–ಪಾಕಿಸ್ತಾನ ಏಷ್ಯಾ ಕಪ್ ಕ್ರಿಕೆಟ್ ಪಂದ್ಯದ ನಂತರ ಅಲ್ಲಿ ಆರಂಭವಾದ ಜಗಳ ಸೆಪ್ಟೆಂಬರ್ ಮಧ್ಯಭಾಗದಲ್ಲಿ ಬೀದಿ ಘರ್ಷಣೆಯ ರೂಪ ತಾಳಿತು. ಸಾಮಾಜಿಕ ಜಾಲತಾಣಗಳ ವದಂತಿಗಳು ಬೆಂಕಿಗೆ ತುಪ್ಪ ಸುರಿದವು. ಒಂದೇ ಗಿರಣಿಯಲ್ಲಿ ದುಡಿದ ಹಿರಿಯರು ಗಳಿಸಿಕೊಟ್ಟ ಸ್ನೇಹ ಮೊಮ್ಮಕ್ಕಳಿಗೆ ಆಸ್ತಿಯಂತೆ ತಾನಾಗಿ ಬರುವುದಿಲ್ಲ. ಗಿರಣಿಗಳು ಮುಚ್ಚಿದವು, ಹೊಸ ಪೀಳಿಗೆಗೆ ಸೇರಿ ದುಡಿಯುವ ಜಾಗ ಇಲ್ಲವಾಯಿತು. ಲಂಡನ್ನಿನ ಸೈಪ್ರಿಯಟ್ಟರ ಹೊಲಿಗೆ ಉದ್ಯಮವೂ ಆಮದಿನ ಪೈಪೋಟಿಯಲ್ಲಿ ಕ್ಷೀಣಿಸಿತು. ಗ್ರೀಕರು ಇನ್ನೂ ಉತ್ತರದ ಅನುಕೂಲಸ್ಥ ಬಡಾವಣೆಗಳಿಗೆ ಸರಿದರು. ಸಮೃದ್ಧಿಯು ಕೆಲವೊಮ್ಮೆ ಬಡತನ ಕಟ್ಟಿದ ಸೇತುವೆಯನ್ನು ಅನಗತ್ಯವೆನಿಸುವಂತೆ ಮಾಡುತ್ತದೆ.

ಇನ್ನೊಂದು ಮಿತಿಯನ್ನೂ ಒಪ್ಪಿಕೊಳ್ಳಬೇಕು. ಸ್ನೇಹವು ರಾಜಕೀಯ ಪರಿಹಾರಕ್ಕೆ ಬದಲಿಯಲ್ಲ. 2003ರ ಏಪ್ರಿಲ್ 23ರಂದು ತುರ್ಕಿ ಸೈಪ್ರಿಯಟ್ ಆಡಳಿತ ಹಠಾತ್ತಾಗಿ ಗಡಿದಾಟುಗಳನ್ನು ತೆರೆದಾಗ ಮೊದಲ ಕೆಲವು ವಾರಗಳಲ್ಲೇ ಲಕ್ಷಾಂತರ ಜನ ಆಚೆ ಈಚೆ ಹೋಗಿಬಂದರು. ತಾವು ತೊರೆದ ಮನೆಗಳ ಬಾಗಿಲು ತಟ್ಟಿದರು. ಒಳಗಿದ್ದವರು ಬಹುತೇಕ ಕಡೆ ಕಾಫಿ ಕೊಟ್ಟು ಉಪಚರಿಸಿದರು. ಹಳೆಯ ಯಜಮಾನರ ಭಾವಚಿತ್ರಗಳನ್ನು ಜೋಪಾನ ಮಾಡಿ ಇಟ್ಟು ಹಿಂದಿರುಗಿಸಿದವರೂ ಇದ್ದರು. ಗಲಭೆಯಾಗುತ್ತದೆಂದು ಹೆದರಿದ್ದವರ ಲೆಕ್ಕಾಚಾರ ಸುಳ್ಳಾಯಿತು. ಹೀಗಿದ್ದೂ ಒಂದು ವರ್ಷದ ಬಳಿಕ, 2004ರ ಏಪ್ರಿಲ್ 24ರಂದು, ವಿಶ್ವಸಂಸ್ಥೆಯ ಅನ್ನಾನ್ ಯೋಜನೆಯ ಮೇಲೆ ಜನಮತ ಗಣನೆ ನಡೆದಾಗ ತುರ್ಕಿ ಸೈಪ್ರಿಯಟ್ಟರಲ್ಲಿ ಶೇ 65ರಷ್ಟು ಜನ ಪುನರೇಕೀಕರಣಕ್ಕೆ ಹೌದೆಂದರು. ಗ್ರೀಕ್ ಸೈಪ್ರಿಯಟ್ಟರಲ್ಲಿ ಶೇ 76ರಷ್ಟು ಜನ ಬೇಡವೆಂದರು. ಕಾಫಿ ಕೊಟ್ಟವರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಟರ್ಕಿಯ ಸೈನ್ಯ ಎಂದು ಹೋಗುತ್ತದೆ, ಮನೆ ಜಮೀನು ಯಾರದು, ಟರ್ಕಿಯಿಂದ ಬಂದು ನೆಲೆಸಿದವರ ಗತಿಯೇನು ಎಂಬ ಪ್ರಶ್ನೆಗಳಿಗೆ ಯೋಜನೆಯಲ್ಲಿದ್ದ ಉತ್ತರ ಅವರಿಗೆ ಸಾಲದಾಯಿತು. ಒಂದು ವಾರದ ನಂತರ, ಮೇ 1ರಂದು, ವಿಭಜಿತ ದ್ವೀಪವೇ ಐರೋಪ್ಯ ಒಕ್ಕೂಟವನ್ನು ಸೇರಿತು.

ಹಾಗಾದರೆ ಸ್ನೇಹದ ಪ್ರಯೋಜನವೇನು? ಒಪ್ಪಂದವನ್ನು ಅದು ಬರೆಯಲಾರದು. ಆದರೆ ಒಪ್ಪಂದ ಬರೆಯುವುದಕ್ಕೆ ಬೇಕಾದ ಸತ್ಯವನ್ನು ಅದು ಮಾತ್ರ ಹೊರತರಬಲ್ಲದು. ಸೈಪ್ರಸ್ಸಿನಲ್ಲಿ ಕಾಣೆಯಾದವರ ಪತ್ತೆಗಾಗಿ ರಚಿತವಾದ ಸಮಿತಿಯ ಕಥೆ ಇದಕ್ಕೆ ನಿದರ್ಶನ. 1981ರಲ್ಲಿ ಅಸ್ತಿತ್ವಕ್ಕೆ ಬಂದ ಆ ಸಮಿತಿಯ ಪಟ್ಟಿಯಲ್ಲಿ 1510 ಗ್ರೀಕ್ ಸೈಪ್ರಿಯಟ್ಟರು, 492 ತುರ್ಕಿ ಸೈಪ್ರಿಯಟ್ಟರು, ಒಟ್ಟು 2002 ಹೆಸರುಗಳಿವೆ. ಕಾಲು ಶತಮಾನ ಅದು ಹೆಚ್ಚೇನೂ ಮಾಡಲಾಗಲಿಲ್ಲ. ಗಡಿದಾಟುಗಳು ತೆರೆದ ನಂತರ, 2006ರಿಂದ, ಎರಡೂ ಸಮುದಾಯಗಳ ವಿಜ್ಞಾನಿಗಳು ಜಂಟಿಯಾಗಿ ಅಗೆತ ಆರಂಭಿಸಿದರು. ಇಂದು ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳನ್ನು ಗುರುತಿಸಿ ಕುಟುಂಬಗಳಿಗೆ ಒಪ್ಪಿಸಲಾಗಿದೆ.

ಎಲ್ಲಿ ಅಗೆಯಬೇಕೆಂಬುದನ್ನು ಹೇಳಿದವರು ಯಾರು? ಬಾವಿಯಲ್ಲಿ, ಹೊಲದ ಬದುವಿನಲ್ಲಿ ಯಾರನ್ನು ಹೂಳಲಾಯಿತೆಂದು ಬಲ್ಲ ಆಚೆ ಬದಿಯ ಹಿರಿಯರು. ತಮ್ಮವರು ಮಾಡಿದ ಕೊಲೆಯ ಗುರುತನ್ನು ಇನ್ನೊಂದು ಸಮುದಾಯಕ್ಕೆ ತೋರಿಸುವುದು ಸಣ್ಣ ಮಾತಲ್ಲ. ಸೆವ್‌ಗುಲ್ ಉಲುದಾಗ್ ಎಂಬ ತುರ್ಕಿ ಸೈಪ್ರಿಯಟ್ ಪತ್ರಕರ್ತೆ ಎರಡೂ ಕಡೆಯ ಕಾಣೆಯಾದವರ ಬಗ್ಗೆ ವರ್ಷಗಟ್ಟಲೆ ಬರೆದು, ಬೆದರಿಕೆಗಳ ನಡುವೆಯೂ ಇಂತಹ ಸಾಕ್ಷ್ಯಗಳನ್ನು ಸಂಗ್ರಹಿಸಿದರು. ಸೌಜನ್ಯದ ಸ್ನೇಹಕ್ಕೂ ಗಟ್ಟಿಯಾದ ಸ್ನೇಹಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ರಾಜಕೀಯ ಮಾತನಾಡುವುದು ಬೇಡವೆಂಬ ಮೌನ ಒಪ್ಪಂದದ ಮೇಲೆ ಹೊರನಾಡಿನ ಎಷ್ಟೋ ಗೆಳೆತನಗಳು ನಿಂತಿರುತ್ತವೆ. ಆರಂಭಕ್ಕೆ ಅದು ಬೇಕು. ಆದರೆ ಊಟ, ಹಾಡು, ಹಲ್ಲೂಮಿ ಚೀಸಿನ ರುಚಿ ಇವುಗಳ ಆಚೆಗೆ ಹೋಗಿ, 'ನಿಮ್ಮ ಮನೆಯವರಿಗೆ ಏನಾಯಿತು?' ಎಂದು ಕೇಳಿ, ಉತ್ತರವನ್ನು ವಾದಿಸದೆ ಕೇಳಿಸಿಕೊಂಡಾಗಲೇ ಅದು ಕೆಲಸಕ್ಕೆ ಬರುವ ಸ್ನೇಹವಾಗುತ್ತದೆ. ಇಬ್ಬರಿಗೂ ಸೇರಿದ ಆ ಚೀಸಿಗೆ 2021ರಲ್ಲಿ ಐರೋಪ್ಯ ಒಕ್ಕೂಟ 'ಹಲ್ಲೂಮಿ' ಮತ್ತು 'ಹೆಲ್ಲಿಮ್' ಎಂಬ ಎರಡೂ ಹೆಸರುಗಳಲ್ಲಿ ಭೌಗೋಳಿಕ ಮಾನ್ಯತೆ ನೀಡಿದ್ದು ಸ್ವಾಗತಾರ್ಹವೇ. ಎರಡು ಹೆಸರುಗಳನ್ನು ಒಂದೇ ದಾಖಲೆಯಲ್ಲಿ ಬರೆಯುವುದಕ್ಕೆ ಅವರಿಗೆ ಬೇಕಾದ ಕಾಲವನ್ನು ನೋಡಿದರೆ, ಎರಡು ನೋವುಗಳನ್ನು ಒಂದೇ ಪಠ್ಯದಲ್ಲಿ ಬರೆಯಲು ಇನ್ನೆಷ್ಟು ಕಾಲ ಬೇಕೆಂದು ಊಹಿಸಬಹುದು.

ಈ ಅನುಭವವನ್ನು ನಮ್ಮ ಉಪಖಂಡಕ್ಕೆ ಅನ್ವಯಿಸಿ ನೋಡುವುದು ಸಹಜ. ಭಾರತೀಯರು ಮತ್ತು ಪಾಕಿಸ್ತಾನೀಯರು ಇಂದು ಯಥೇಚ್ಛವಾಗಿ ಭೇಟಿಯಾಗುವುದು ಮೂರನೆಯ ದೇಶಗಳಲ್ಲಿ ಮಾತ್ರ. ಲಂಡನ್ನಿನ ಸೌತಾಲ್‌ನಲ್ಲಿ ಎರಡು ಪಂಜಾಬುಗಳ ಜನ ಒಂದೇ ಭಾಷೆಯಲ್ಲಿ ವ್ಯಾಪಾರ ಮಾಡುತ್ತಾರೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋದ ನಮ್ಮವರು ಪೇಶಾವರದ, ಸಿಯಾಲ್‌ಕೋಟ್‌ನ ಸಹೋದ್ಯೋಗಿಗಳೊಡನೆ ಕೆಲಸ ಮಾಡುತ್ತಾರೆ. ಆದರೆ ಲಂಡನ್ನಿಗೂ ಕೊಲ್ಲಿಗೂ ಒಂದು ವ್ಯತ್ಯಾಸವಿದೆ. ಲಂಡನ್ನಿನಲ್ಲಿ ಇಬ್ಬರಿಗೂ ಸಮಾನ ಹಕ್ಕುಗಳಿವೆ. ಕೊಲ್ಲಿಯಲ್ಲಿ ಇಬ್ಬರೂ ಸಮಾನವಾಗಿ ಹಕ್ಕಿಲ್ಲದವರು. ಮೊದಲನೆಯದು ಪೀಳಿಗೆಗಳ ಕಾಲ ಬೇರುಬಿಡಬಹುದಾದ ಸ್ನೇಹ. ಎರಡನೆಯದು ವೀಸಾ ಮುಗಿಯುವ ದಿನ ವಿಮಾನ ನಿಲ್ದಾಣದಲ್ಲಿ ಮುಗಿಯುವಂಥದು. ಊರಿಗೆ ಮರಳಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲು ದಾರಿಯಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನ ಪೈಶಾಚಿಕ ಹತ್ಯಾಕಾಂಡದ ನಂತರ ಎರಡೂ ದೇಶಗಳು ವೀಸಾಗಳನ್ನು ರದ್ದುಪಡಿಸಿ ಅಟ್ಟಾರಿ–ವಾಘಾ ದಾರಿಯನ್ನು ಮುಚ್ಚಿದವು. ಭಯೋತ್ಪಾದನೆಯ ವಿರುದ್ಧ ಕಠಿಣ ಕ್ರಮ ಸರ್ಕಾರದ ಕರ್ತವ್ಯ. ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಗಡಿಯಾಚೆಗೆ ಮದುವೆಯಾಗಿ ಹೋದ ಹೆಣ್ಣುಮಗಳು, ಹುಟ್ಟಿದ ಊರನ್ನು ಸಾಯುವ ಮುನ್ನ ನೋಡಬೇಕೆಂಬ ಎಂಬತ್ತರ ವೃದ್ಧ ಇವರಿಗೂ ಬಂದೂಕುಧಾರಿಗೂ ನಡುವಿನ ವ್ಯತ್ಯಾಸವನ್ನು ಕಾಲಕ್ರಮದಲ್ಲಿಯಾದರೂ ಗುರುತಿಸಬಲ್ಲ ವ್ಯವಸ್ಥೆ ಒಂದು ದೊಡ್ಡ ಪ್ರಜಾಪ್ರಭುತ್ವಕ್ಕೆ ಅಸಾಧ್ಯವಾಗಬಾರದು.

ಇನ್ನು ನಮ್ಮ ಊರುಗಳಿಗೂ ಈ ಪಾಠ ಅನ್ವಯಿಸುತ್ತದೆ. ಧರ್ಮ ಅಥವಾ ಜಾತಿ ಕೇಳಿ ಬಾಡಿಗೆ ಮನೆ ನಿರಾಕರಿಸಿದಾಗ, ಮಕ್ಕಳ ಶಾಲೆಗಳು ಸಮುದಾಯವಾರು ಬೇರೆಯಾದಾಗ, ಬೇರೆ ಧರ್ಮದ ಸಹಪಾಠಿಯೊಡನೆ ಚಹಾ ಕುಡಿದ ತಪ್ಪಿಗೆ ಹುಡುಗ ಹುಡುಗಿಯರನ್ನು ಬೀದಿಯಲ್ಲಿ ತಡೆದು ಪ್ರಶ್ನಿಸಿದಾಗ, ನಾವು ಸ್ನೇಹದ ಬೆಲೆಯನ್ನು ಏರಿಸುತ್ತಿದ್ದೇವೆ. ಆ ಬೆಲೆಯನ್ನು ಇಳಿಸುವ ಸಾಧನಗಳು ಉಪದೇಶಗಳಲ್ಲ. ಎಲ್ಲರೂ ಸೇರಿ ದುಡಿಯುವ ಕಾರ್ಖಾನೆ ಮತ್ತು ಕಚೇರಿ, ಎಲ್ಲರ ಮಕ್ಕಳೂ ಕಲಿಯುವ ಸರ್ಕಾರಿ ಶಾಲೆ, ಯಾರ ಪರವೂ ಅಲ್ಲದ ಪೊಲೀಸ್ ಠಾಣೆ ಇವೇ ಆ ಸಾಧನಗಳು. ಲಂಡನ್ನು ಸೈಪ್ರಿಯಟ್ಟರಿಗೆ ಕೊಟ್ಟದ್ದು ಇವುಗಳನ್ನೇ, ಪ್ರೀತಿಯನ್ನೇನೂ ಕೊಡಲಿಲ್ಲ.

2025ರ ಅಕ್ಟೋಬರ್‌ನಲ್ಲಿ ತುರ್ಕಿ ಸೈಪ್ರಿಯಟ್ಟರು ಒಕ್ಕೂಟ ಪರಿಹಾರದ ಪರವಾಗಿರುವ ತುಫಾನ್ ಎರ್ಹುರ್ಮನ್ ಅವರನ್ನು ಶೇ 60ಕ್ಕೂ ಹೆಚ್ಚು ಮತಗಳಿಂದ ತಮ್ಮ ನಾಯಕರನ್ನಾಗಿ ಆರಿಸಿದರು. 2017ರಲ್ಲಿ ಮುರಿದುಬಿದ್ದ ಮಾತುಕತೆಗೆ ಮತ್ತೆ ಜೀವ ಬರಬಹುದೆಂಬ ಆಸೆ ಇದರಿಂದ ಮೂಡಿದೆ. ಆದರೆ ವಿಭಜನೆಗೆ ಮುನ್ನಿನ ಮಿಶ್ರ ಹಳ್ಳಿಯ ಬದುಕನ್ನು ಕಣ್ಣಾರೆ ಕಂಡವರು ಈಗ ಅರವತ್ತು ದಾಟಿದ್ದಾರೆ. ದ್ವೀಪದಲ್ಲಿ ಹುಟ್ಟಿದ ಹೊಸ ಪೀಳಿಗೆಯ ಗ್ರೀಕನಿಗೆ ತುರ್ಕಿ ಬಾರದು, ತುರ್ಕನಿಗೆ ಗ್ರೀಕ್ ಬಾರದು. ಭೇಟಿಯಾದರೆ ಇಬ್ಬರೂ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ತಿಮ್ಮಯ್ಯನವರು ಕಾದ ಶಾಂತಿಪಡೆ ಅರವತ್ತು ವರ್ಷಗಳ ನಂತರವೂ ಅಲ್ಲಿಯೇ ಇದೆ. ಗುಂಡಿನ ಸದ್ದು ಅಡಗಿಸುವುದು ಸೈನಿಕರಿಂದ ಸಾಧ್ಯ. ಅದನ್ನು ಅವರು ಮಾಡಿದ್ದಾರೆ. ಉಳಿದ ಕೆಲಸ ನಾಗರಿಕರದು ಮತ್ತು ಅವರ ಸರ್ಕಾರಗಳದು. ವಲಸಿಗರಿಗೆ ಪರನಾಡಿನಲ್ಲಿ ಸಾಧ್ಯವಾದ ಸ್ನೇಹ ಸ್ವಂತ ನೆಲದಲ್ಲಿಯೂ ಸಾಧ್ಯವಾಗಬೇಕಾದರೆ, ಅದಕ್ಕಾಗಿ ಯಾರೂ ಪ್ರಾಣವನ್ನಾಗಲಿ ಮಾನವನ್ನಾಗಲಿ ಪಣಕ್ಕಿಡಬೇಕಾಗಿಲ್ಲವೆಂಬ ಭರವಸೆಯನ್ನು ಕಾನೂನು ಮೊದಲು ಕೊಡಬೇಕು.